ಓವಲ್ ಮೈದಾನದೆದುರಿನ ಹಳೆಯ ಸಚಿವಾಲಯ

ಮುಂಬಯಿಯ ಓವಲ್ ಮೈದಾನದೆದುರು, ವಿಶ್ವವಿದ್ಯಾಲಯದ ಪಕ್ಕಕ್ಕೆ ಉದ್ದಕ್ಕೆ ಚಾಚಿರುವ ಕಲ್ಲಿನ ಕಟ್ಟಡ ಇಂದು ಸಿಟಿ ಸಿವಿಲ್ ನ್ಯಾಯಾಲಯ. ಕರಿಕೋಟುಗಳ ಸಂದಣಿಯನ್ನು ದಾಟಿಹೋಗುವ ನಾವು, ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳನ್ನು ಒಂದು ಕಾಲಕ್ಕೆ ಇಲ್ಲಿಂದಲೇ ಆಳುತ್ತಿದ್ದರೆಂಬುದನ್ನು ನೆನೆಯುವುದು ಕಡಿಮೆ.

1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆಗಳನ್ನು ಕೆಡವಿಸಿದಾಗ ಈ ನೆಲ ತೆರವಾಯಿತು. ಕರ್ನಲ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ವೆನಿಸ್ಸಿನ ಗೋಥಿಕ್ ಶೈಲಿಯಲ್ಲಿ ರೂಪಿಸಿದ ಸೆಕ್ರೆಟೇರಿಯಟ್ 1874ರಲ್ಲಿ ಪೂರ್ಣಗೊಂಡಿತು. ಅದು ಹತ್ತಿಯ ಕಾಲ. ಅಮೆರಿಕದ ಅಂತರ್ಯುದ್ಧ ನಗರಕ್ಕೆ ಹಣ ಸುರಿದಿತ್ತು. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂಬ ವರ್ತಕರ ಒತ್ತಾಯವೂ ಸೇರಿ, 1862ರಲ್ಲೇ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಗಿತ್ತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದು ಕರಾವಳಿ ಹೀಗೆ ಎರಡಾದದ್ದು ಭಾಷೆಯ ಲೆಕ್ಕದಿಂದಲ್ಲ, ಹತ್ತಿಯ ಲೆಕ್ಕದಿಂದ! ಕಡತಗಳ ನಡುವೆಯೇ ಬದುಕುವ ನಮ್ಮಂಥವರಿಗೆ ಇದು ಅಚ್ಚರಿಯೇನಲ್ಲ.

ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು 1930ರ ದಶಕದಲ್ಲಿ ಈ ಪ್ರಾಂತದ ಶಿಕ್ಷಣ ಸಚಿವರಾಗಿದ್ದರು. ಕನ್ನಡ ಜಿಲ್ಲೆಗಳ ದನಿ ಅಷ್ಟರಮಟ್ಟಿಗಾದರೂ ಮುಂಬಯಿಯನ್ನು ಮುಟ್ಟಿತ್ತು.

1955ರಲ್ಲಿ ಆಡಳಿತ ಹೊಸ ಸಚಿವಾಲಯಕ್ಕೆ ಹೋಯಿತು. ಮರುವರ್ಷವೇ, 1956ರ ನವೆಂಬರ್ 1ರಂದು, ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಬೆಳಗಾವಿಯ ಚಂದಗಡ ತಾಲ್ಲೂಕು ಮಾತ್ರ ಮುಂಬಯಿಯಲ್ಲೇ ಉಳಿಯಿತು.