ಪುನರುತ್ಥಾನದ ಹಬ್ಬವೂ ಅದರ ಆನಂದವೂ

ಕ್ರೈಸ್ತರ ಹಬ್ಬಗಳಲ್ಲಿ ಕ್ರಿಸ್ತಜಯಂತಿಯು ಅನ್ಯಮತೀಯರಿಗೂ ಚೆನ್ನಾಗಿ ಪರಿಚಿತವಾದುದು. ಆದರೆ ಅವರ ಸಂಪ್ರದಾಯದಲ್ಲಿ ಹಬ್ಬಗಳಿಗೆಲ್ಲ ಶಿರೋಮಣಿಯೆನಿಸಿರುವುದು ಈಸ್ಟರ್, ಎಂದರೆ ಪುನರುತ್ಥಾನದ ಹಬ್ಬ. ಶಿಲುಬೆಯ ಮೇಲೆ ಪ್ರಾಣಬಿಟ್ಟ ಯೇಸುವು ಮೂರನೆಯ ದಿನ ಸಮಾಧಿಯಿಂದ ಎದ್ದನೆಂಬ ನಂಬಿಕೆಯೇ ಇದರ ಮೂಲ. ನಲವತ್ತು ದಿನಗಳ ವ್ರತ, ಶುಕ್ರವಾರದ ಶೋಕ, ಶನಿವಾರದ ಮೌನ, ಇವುಗಳನ್ನು ದಾಟಿದ ಮೇಲೆ ಭಾನುವಾರದ ಸಂತೋಷ. ಆದುದರಿಂದ ಇದು ದುಃಖವನ್ನರಿಯದವರ ಸಂತೋಷವಲ್ಲ. ಈ ಹಬ್ಬದ ಮೊದಲ ಶತಮಾನಗಳ ಚರಿತ್ರೆಯನ್ನು ನೋಡಿದರೆ, ಕಲಹವೂ ದೇಶಭ್ರಷ್ಟತೆಯೂ ಈ ಆನಂದವನ್ನು ಎಷ್ಟು ಕಠಿಣವಾಗಿ ಪರೀಕ್ಷಿಸಿದುವೆಂಬುದು ತಿಳಿಯುವುದು.

ಮೊದಲನೆಯ ಕಲಹವು ತಿಥಿಯನ್ನು ಕುರಿತದ್ದು. ಏಷ್ಯಾ ಮೈನರಿನ ಕ್ರೈಸ್ತರು ಯೆಹೂದ್ಯರ ಪಸ್ಕದಂತೆ ನೀಸಾನ್ ಮಾಸದ ಹದಿನಾಲ್ಕನೆಯ ದಿನವನ್ನು, ಅದು ಯಾವ ವಾರವೇ ಆಗಲಿ, ಆಚರಿಸುತ್ತಿದ್ದರು. ರೋಮಿನವರಿಗೆ ಭಾನುವಾರವೇ ಆಗಬೇಕಾಗಿತ್ತು. ಏಕಾದಶಿಯನ್ನು ಸ್ಮಾರ್ತರೊಂದು ದಿನ, ಮಾಧ್ವರೊಂದು ದಿನ ಆಚರಿಸುವ ಪ್ರಸಂಗವನ್ನು ಕಂಡಿರುವ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಲಾರದು. ಕ್ರಿಸ್ತಶಕ ಸುಮಾರು 155ರಲ್ಲಿ ಸ್ಮುರ್ನದ ಬಿಷಪ್ಪನಾದ ವೃದ್ಧ ಪಾಲಿಕಾರ್ಪನು ರೋಮಿಗೆ ಬಂದು, ಅಲ್ಲಿನ ಬಿಷಪ್ಪನಾದ ಅನಿಸೀಟಸನೊಡನೆ ಈ ವಿಷಯವನ್ನು ಚರ್ಚಿಸಿದನು. ಒಬ್ಬನು ಇನ್ನೊಬ್ಬನನ್ನು ಒಪ್ಪಿಸಲಾರದೆ ಹೋದನು. ಆದರೂ ಅನಿಸೀಟಸನು ತನ್ನ ಸಭೆಯಲ್ಲಿ ಪ್ರಭುಭೋಜನದ ಸಂಸ್ಕಾರವನ್ನು ನಡೆಯಿಸುವ ಗೌರವವನ್ನು ಅತಿಥಿಗೆ ಬಿಟ್ಟುಕೊಟ್ಟನು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು.

ಮುಂದಿನ ತಲೆಮಾರಿನಲ್ಲಿ ಈ ಸೌಜನ್ಯವು ಉಳಿಯುವಂತೆ ಕಾಣಲಿಲ್ಲ. ಸುಮಾರು 190ರಲ್ಲಿ ರೋಮಿನ ವಿಕ್ಟರನು ಏಷ್ಯಾದ ಸಭೆಗಳನ್ನೆಲ್ಲ ಬಹಿಷ್ಕರಿಸಲು ಉದ್ಯುಕ್ತನಾದನು. ಆಗ ಲಿಯೋನಿನ ಐರಿನೇಯಸನು ಅವನಿಗೆ ಪತ್ರವನ್ನು ಬರೆದನು. ಈತನು ತಾನು ಭಾನುವಾರದ ಪಕ್ಷದವನೇ. ಆದರೆ ಬಾಲ್ಯದಲ್ಲಿ ಪಾಲಿಕಾರ್ಪನನ್ನು ಕಣ್ಣಾರೆ ಕಂಡವನು. ಉಪವಾಸದ ದಿನಗಳ ಲೆಕ್ಕದಲ್ಲಿಯೂ ಸಭೆಗಳಲ್ಲಿ ಭೇದವುಂಟು, ಆದರೂ ಹಿರಿಯರು ಪರಸ್ಪರ ಶಾಂತಿಯಿಂದ ಇದ್ದರೆಂದು ನೆನಪುಮಾಡಿಕೊಟ್ಟನು. ಗ್ರೀಕಿನಲ್ಲಿ ಅವನ ಹೆಸರು ಶಾಂತಿಯೆಂಬ ಶಬ್ದದಿಂದ ಹುಟ್ಟಿದುದು. ಆ ಹೆಸರು ಸಾರ್ಥಕವಾಯಿತೆಂದು ಚರಿತ್ರಕಾರ ಯುಸೇಬಿಯಸನು ಮೆಚ್ಚಿಕೊಂಡಿದ್ದಾನೆ.

325ರಲ್ಲಿ ನೈಸಿಯಾದಲ್ಲಿ ಕೂಡಿದ ಮಹಾಸಭೆಯು ಎಲ್ಲರೂ ಒಂದೇ ದಿನ ಹಬ್ಬವನ್ನು ಆಚರಿಸತಕ್ಕದ್ದೆಂದು ನಿರ್ಣಯಿಸಿತು. ಖಗೋಳ ಗಣಿತಕ್ಕೆ ಹೆಸರಾದ ಅಲೆಗ್ಸಾಂದ್ರಿಯದ ಬಿಷಪ್ಪನು ವರ್ಷವರ್ಷವೂ ಪತ್ರದ ಮೂಲಕ ಆ ದಿನವನ್ನು ಸಾರುತ್ತಿದ್ದನು. 328ರಲ್ಲಿ ಆ ಪೀಠವನ್ನೇರಿದ ಅಥನೇಸಿಯಸನ ಕೈಯಲ್ಲಿ ಈ ಪಂಚಾಂಗಪತ್ರವು ಬೇರೆಯೇ ಒಂದು ತೇಜಸ್ಸನ್ನು ಪಡೆಯಿತು. ಆರಿಯಸನ ಮತದವರೊಡನೆ ಉಂಟಾದ ವಿವಾದದಿಂದಲೂ ಚಕ್ರವರ್ತಿಗಳ ಕೋಪದಿಂದಲೂ ಅವನು ಐದು ಸಾರಿ ದೇಶಭ್ರಷ್ಟನಾದನು. ನಲವತ್ತೈದು ವರ್ಷಗಳ ಅಧಿಕಾರದಲ್ಲಿ ಸುಮಾರು ಹದಿನೇಳು ವರ್ಷಗಳು ಹೀಗೆಯೇ ಕಳೆದುವು. 339ರಲ್ಲಿ, ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿಯೇ, ಅವನ ಸ್ಥಾನಕ್ಕೆ ಮತ್ತೊಬ್ಬನನ್ನು ಸೈನ್ಯಬಲದಿಂದ ತಂದು ಕೂರಿಸಿದರು. ದೇವಾಲಯಗಳಲ್ಲಿ ಹಿಂಸೆ ನಡೆಯಿತು. ಅಥನೇಸಿಯಸನು ತಪ್ಪಿಸಿಕೊಂಡು ರೋಮನ್ನು ಸೇರಿದನು. 341ರ ಹಬ್ಬದ ಪತ್ರವನ್ನು ಅವನು ಅಲ್ಲಿಂದಲೇ ಬರೆದನು. ಉಪವಾಸವು ಎಂದು ಆರಂಭ, ಹಬ್ಬವು ಎಂದು ಎಂಬ ಲೆಕ್ಕವು ಅದರಲ್ಲಿ ಎಂದಿನಂತೆಯೇ ಇದೆ. ಜೊತೆಗೆ ಸಂಕಟವು ಭಕ್ತನನ್ನು ಪರೀಕ್ಷಿಸುವುದೇ ಹೊರತು ನಾಶಮಾಡುವುದಿಲ್ಲವೆಂಬ ಸಮಾಧಾನವೂ ಇದೆ. ತನ್ನ ಜನರೊಡನೆ ಕೂಡಿ ಹಬ್ಬಮಾಡಲಾರದವನು, ಅವರು ಹಬ್ಬವನ್ನು ಮರೆಯಬಾರದೆಂದು ಸಮುದ್ರದಾಚೆಯಿಂದ ಕಳುಹಿಸಿದ ಕಾಣಿಕೆಯಿದು. ಈ ಪತ್ರಗಳ ಗ್ರೀಕ್ ಮೂಲವು ಬಹುಮಟ್ಟಿಗೆ ನಷ್ಟವಾಯಿತು. ಈಜಿಪ್ಟಿನ ಮರುಭೂಮಿಯ ಮಠವೊಂದರಲ್ಲಿ ಉಳಿದಿದ್ದ ಸಿರಿಯಾಕ್ ಭಾಷಾಂತರವು ಲಂಡನ್ನಿಗೆ ಬಂದು, 1848ರಲ್ಲಿ ಅಚ್ಚಾಯಿತು.

ನೈಸಿಯಾದ ನಿರ್ಣಯವಾದರೂ ಭೇದವನ್ನು ಶಾಶ್ವತವಾಗಿ ತೊಡೆದುಹಾಕಲಿಲ್ಲ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರವೆಂಬ ಸೂತ್ರವು ಒಂದೇ ಆದರೂ, ವಿಷುವವನ್ನೂ ಹುಣ್ಣಿಮೆಯನ್ನೂ ಗಣಿಸುವ ಕ್ರಮಗಳು ಬೇರೆಯಾದುವು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯು ಪಂಚಾಂಗವನ್ನು ತಿದ್ದಿಸಿದನು. ಪೂರ್ವದೇಶಗಳ ಸಭೆಗಳಲ್ಲಿ ಬಹುತೇಕ ಹಳೆಯ ಗಣಿತವನ್ನೇ ಉಳಿಸಿಕೊಂಡುವು. 2024ರಲ್ಲಿ ಪಾಶ್ಚಾತ್ಯರಿಗೆ ಮಾರ್ಚ್ 31, ಪೌರಸ್ತ್ಯರಿಗೆ ಮೇ 5; ನೈಸಿಯಾ ಸಭೆಯ ಸಾವಿರದೇಳುನೂರನೆಯ ವರ್ಷವಾದ 2025ರಲ್ಲಿ ಇಬ್ಬರಿಗೂ ಏಪ್ರಿಲ್ 20.

ಹೀಗೆ ಎರಡು ಗಣಿತಗಳು ಒಮ್ಮೊಮ್ಮೆ ಸಂಧಿಸಿ ಮತ್ತೆ ಅಗಲುತ್ತವೆ. ಆದರೆ ಕ್ರಿಸ್ತನು ಎದ್ದನೆಂದು ಒಬ್ಬರು ನುಡಿಯಲು, ನಿಜವಾಗಿಯೂ ಎದ್ದನೆಂದು ಮತ್ತೊಬ್ಬರು ಮಾರ್ನುಡಿಯುವ ಹಬ್ಬದ ವಂದನೆಯು ಎರಡು ಕಡೆಗಳಲ್ಲಿಯೂ ಒಂದೇ. ತಿಥಿಯನ್ನು ಒಪ್ಪದಿದ್ದರೂ ಒಂದೇ ಪಂಕ್ತಿಯಲ್ಲಿ ಕೂಡಿದ ಆ ಇಬ್ಬರು ವೃದ್ಧರು, ತನ್ನವರನ್ನು ಕಾಣದಿದ್ದರೂ ಅವರಿಗೆ ಹಬ್ಬವನ್ನು ಸಾರಿದ ಆ ದೇಶಭ್ರಷ್ಟ, ಇವರ ನಡತೆಯನ್ನು ನೋಡಿದರೆ ಈಸ್ಟರಿನ ಆನಂದವು ಎಲ್ಲವೂ ಅನುಕೂಲವಾದ ಮೇಲೆ ಬರತಕ್ಕದ್ದಲ್ಲವೆಂದು ತೋರುವುದು. ಅನುಕೂಲವಿಲ್ಲದಿರುವಾಗಲೇ ಅದನ್ನು ನೆರೆಯವರೊಡನೆ ಹಂಚಿಕೊಂಡುದರಿಂದ ಅದು ಉಳಿದುಬಂದಿತು.