ಹೆಸರು ಹಾಕದ ಗುರುಗಳು: ಪಾರ್ಕಿನ್ಸನ್ ಸಂಶೋಧನೆಯ ಹಿಂದಿನ ಕಥೆ

ಇವತ್ತು ಎರಡು ಹಳೇ ಸಂಶೋಧನಾ ಲೇಖನಗಳ ಬಗ್ಗೆ ಮಾತಾಡೋಣ. ಒಂದು 1958ರದ್ದು, ಇನ್ನೊಂದು 1959ರದ್ದು. ಎರಡೂ ತುಂಬಾ ಚಿಕ್ಕವು. ಎರಡರಲ್ಲೂ ಇರಬಹುದಾಗಿದ್ದ ಒಂದೊಂದು ಹೆಸರು ಇಲ್ಲ. ಆ ಇಲ್ಲದ ಹೆಸರುಗಳೇ ಇವತ್ತಿನ ವಿಷಯ.

ಪಾರ್ಕಿನ್ಸನ್ ಅಂದ್ರೆ ನಮಗೆ ತಕ್ಷಣ ನೆನಪಾಗೋದು ಕೈ ನಡುಕ. ಜೊತೆಗೆ ಮೈ ಬಿಗಿಯಾಗುತ್ತೆ, ನಡಿಗೆ ನಿಧಾನ ಆಗುತ್ತೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು 1817ರಲ್ಲೇ ವಿವರಿಸಿದ್ದರು. ಆದರೆ ಮೆದುಳಿನಲ್ಲಿ ಏನು ಕಡಿಮೆಯಾಗುತ್ತೆ ಅಂತ ಗೊತ್ತಾಗೋಕೆ 1960ರವರೆಗೆ ಕಾಯಬೇಕಾಯ್ತು. ಉತ್ತರ, ಡೋಪಮೈನ್. ರೀಲ್ಸ್ ನೋಡುವಾಗ ಸಿಗುತ್ತೆ ಅಂತ ನಾವು ಹೇಳ್ತೀವಲ್ಲ, ಅದೇ ಡೋಪಮೈನ್.

ಈಗ 1956ಕ್ಕೆ ಹೋಗೋಣ. ಒಲೇಹ್ ಹೋರ್ನಿಕೇವಿಚ್ ಅನ್ನೋ ಮೂವತ್ತರ ಯುವಕ ಸ್ಕಾಲರ್‌ಶಿಪ್ ಪಡೆದು ವಿಯೆನ್ನಾದಿಂದ ಆಕ್ಸ್‌ಫರ್ಡ್‌ಗೆ ಬರ್ತಾರೆ. ಅಲ್ಲಿ ಅವರಿಗೆ ಸಿಕ್ಕ ಗುರು ಹರ್ಮನ್ ಬ್ಲಾಷ್ಕೊ. ಈ ಬ್ಲಾಷ್ಕೊ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ. ಜರ್ಮನಿಯಲ್ಲಿ ಆಟೊ ಮೇಯರ್‌ಹಾಫ್ ಹತ್ತಿರ ಕೆಲಸ ಕಲಿತವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟರು. ಇಂಗ್ಲೆಂಡಿನಲ್ಲಿ ಅವರಿಗೆ ಜಾಗ ಕೊಟ್ಟವರು ಎ.ವಿ. ಹಿಲ್. ಮೇಯರ್‌ಹಾಫ್ ಮತ್ತು ಹಿಲ್ 1922ರ ನೊಬೆಲ್ ಹಂಚಿಕೊಂಡವರು. ಅಂದ್ರೆ, ಬೇರೆಯವರು ಕೈ ಹಿಡಿದಿದ್ದರಿಂದಲೇ ಬ್ಲಾಷ್ಕೊ ವಿಜ್ಞಾನದಲ್ಲಿ ಉಳಿದಿದ್ದು.

ಆಗ ಡೋಪಮೈನ್‌ಗೆ ಅಂಥ ಮರ್ಯಾದೆ ಏನೂ ಇರಲಿಲ್ಲ. ದೇಹ ನಾರ್‌ಅಡ್ರಿನಲಿನ್ ತಯಾರಿಸುವಾಗ ಮಧ್ಯದಲ್ಲಿ ಬರೋ ಒಂದು ವಸ್ತು, ಅಷ್ಟೇ. ಮೆಜೆಸ್ಟಿಕ್‌ಗೆ ಹೋಗೋ ಬಸ್ಸು ದಾರಿಯಲ್ಲಿ ನಿಲ್ಲಿಸೋ ಒಂದು ಸ್ಟಾಪ್ ಇದ್ದ ಹಾಗೆ. ತಮಾಷೆ ಅಂದ್ರೆ, 1939ರಲ್ಲಿ ಈ ದಾರಿಯನ್ನು ಸೂಚಿಸಿದವರಲ್ಲಿ ಬ್ಲಾಷ್ಕೊ ಕೂಡ ಒಬ್ಬರು. ಈಗ ಅವರಿಗೇ ಅನುಮಾನ: ಈ ಸ್ಟಾಪ್‌ಗೇ ಸ್ವಂತ ಕೆಲಸ ಏನಾದ್ರೂ ಇದ್ರೆ? ಆ ಪ್ರಶ್ನೆಯನ್ನು ಹೋರ್ನಿಕೇವಿಚ್ ಕೈಗೆ ಕೊಟ್ಟರು. ಅವರು ಗಿನಿಪಿಗ್‌ಗಳ ರಕ್ತದೊತ್ತಡದ ಮೇಲೆ ಪ್ರಯೋಗ ಮಾಡಿ, ಡೋಪಮೈನ್ ತಾನೇ ಸ್ವಂತವಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದರು. ಲೇಖನ 1958ರಲ್ಲಿ ಅಚ್ಚಾಯ್ತು. ಲೇಖಕರು ಒಬ್ಬರೇ, ಹೋರ್ನಿಕೇವಿಚ್. ಪ್ರಶ್ನೆ ಕೊಟ್ಟ ಬ್ಲಾಷ್ಕೊ ಹೆಸರು ಲೇಖಕರ ಜಾಗದಲ್ಲಿ ಇಲ್ಲ.

ಅದೇ ಹೊತ್ತಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಇನ್ನೊಂದು ಗುಂಪು ಕೆಲಸ ಮಾಡ್ತಿತ್ತು. ಅದರ ಮುಖ್ಯಸ್ಥ ಆರ್ವಿಡ್ ಕಾರ್ಲ್‌ಸನ್. ಅವರು ಮೊಲಗಳಿಗೆ ರಿಸರ್ಪಿನ್ ಅನ್ನೋ ಔಷಧಿ ಕೊಟ್ಟರು. ಇದು ಸಿಗೋದು ನಮ್ಮ ಸರ್ಪಗಂಧದ ಬೇರಿನಿಂದ. ಮೊಲಗಳು ಅಲ್ಲಾಡದೆ ಮುದುಡಿ ಕೂತವು. ಆಮೇಲೆ ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ ಕೊಟ್ಟರು. ಮೊಲಗಳು ಮತ್ತೆ ಓಡಾಡಿದವು. ಇದು 1957ರ ಮಾತು.

ಹಾಗಾದ್ರೆ ಮೆದುಳಿನ ಯಾವ ಭಾಗದಲ್ಲಿ ಡೋಪಮೈನ್ ಜಾಸ್ತಿ ಇದೆ? ಇದನ್ನು ಹುಡುಕಿದವರು ಕಾರ್ಲ್‌ಸನ್ ಶಿಷ್ಯರಾದ ಓಕೆ ಬರ್ಟ್ಲರ್ ಮತ್ತು ಎವಾಲ್ಡ್ ರೋಸೆನ್‌ಗ್ರೆನ್. ನಾಯಿಯ ಮೆದುಳಿನಲ್ಲಿ ಅದು ಸ್ಟ್ರೈಯೇಟಮ್‌ನಲ್ಲಿ, ಅಂದ್ರೆ ಚಲನೆಗೆ ಸಂಬಂಧಪಟ್ಟ ಭಾಗದಲ್ಲಿ, ತುಂಬಿಕೊಂಡಿತ್ತು. 1959ರ ಆ ಲೇಖನದಲ್ಲಿ ಇರೋದು ಆ ಇಬ್ಬರ ಹೆಸರು ಮಾತ್ರ. ಕಾರ್ಲ್‌ಸನ್ ಹೆಸರಿಲ್ಲ.

ಅಷ್ಟರಲ್ಲಿ ವಿಯೆನ್ನಾಕ್ಕೆ ವಾಪಸ್ ಹೋಗಿದ್ದ ಹೋರ್ನಿಕೇವಿಚ್ ಈ ಲೇಖನ ಓದಿದರು. ಚಲನೆಯ ಭಾಗದಲ್ಲಿ ಡೋಪಮೈನ್ ಇದ್ದರೆ, ಚಲನೆ ಕೆಟ್ಟ ಪಾರ್ಕಿನ್ಸನ್ ರೋಗಿಗಳ ಮೆದುಳನ್ನೇ ನೋಡಬೇಕಲ್ವಾ? ಹರ್ಬರ್ಟ್ ಎರಿಂಗರ್ ಅನ್ನೋ ಯುವ ವೈದ್ಯರನ್ನು ಜೊತೆಗಿಟ್ಟುಕೊಂಡು, ತೀರಿಕೊಂಡವರ ಮೆದುಳಿನ ಅಂಗಾಂಶ ಪರೀಕ್ಷೆ ಮಾಡಿದರು. ಅಯೋಡಿನ್ ದ್ರಾವಣ ಹಾಕಿದಾಗ ನರರೋಗ ಇಲ್ಲದವರ ಮಾದರಿ ಗುಲಾಬಿ ಬಣ್ಣಕ್ಕೆ ತಿರುಗಿತು. ಪಾರ್ಕಿನ್ಸನ್ ಇದ್ದವರ ಮಾದರಿಯಲ್ಲಿ ಬಣ್ಣ ಬರಲೇ ಇಲ್ಲ ಅನ್ನಬಹುದು. ಬರಿಗಣ್ಣಿಗೇ ಕಾಣೋ ವ್ಯತ್ಯಾಸ! 1960ರ ಕೊನೆಗೆ ಬಂದ ಲೇಖನದಲ್ಲಿ ಎರಿಂಗರ್ ಹೆಸರೇ ಮೊದಲು. 1961ರಲ್ಲಿ ವೈದ್ಯ ವಾಲ್ಟರ್ ಬಿರ್ಕ್‌ಮೇಯರ್ ರೋಗಿಗಳಿಗೆ ಎಲ್-ಡೋಪಾ ಇಂಜೆಕ್ಷನ್ ಕೊಟ್ಟರು. ಹಾಸಿಗೆ ಹಿಡಿದವರು ಕೆಲ ಗಂಟೆಗಳ ಮಟ್ಟಿಗೆ ಎದ್ದು ನಡೆದಾಡಿದರು. ಇವತ್ತಿಗೂ ಪಾರ್ಕಿನ್ಸನ್‌ಗೆ ಮುಖ್ಯ ಔಷಧಿ ಅದೇ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಒಂದು ಲೆಕ್ಕದ ಮಾತು. ಒಂದು ಅಂಗಡಿ ತಾನೇ ದುಡಿದು ಗಳಿಸಿದ ಗುಡ್‌ವಿಲ್ ಅದರ ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣಲ್ಲ. ಆದರೆ ಅಂಗಡಿ ನಡೆಯೋದೇ ಅದರಿಂದ. ಬ್ಲಾಷ್ಕೊ ಕೊಟ್ಟ ಪ್ರಶ್ನೆಯೂ ಹಾಗೇ. ಶಿಷ್ಯನ ಲೇಖನದಲ್ಲಿ ಅವರು ಲೇಖಕರಲ್ಲ, ಆದರೆ ಆ ಪ್ರಶ್ನೆ ಇಲ್ಲದೆ ಆ ಲೇಖನವೇ ಇಲ್ಲ.

ಹಾಗಂತ ಹೆಸರು ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. 2000ನೇ ಇಸವಿಯಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು, ಹೋರ್ನಿಕೇವಿಚ್‌ಗೆ ಬರಲಿಲ್ಲ. 200ಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಬೇಸರ ಹೇಳಿಕೊಂಡರು. ಮಾಡಿದ ಕೆಲಸಕ್ಕೆ ಹೆಸರು ಸಿಗದಿದ್ರೆ ನೋವಾಗುತ್ತೆ. ಆದ್ದರಿಂದಲೇ, ಕಿರಿಯರ ಪಾಲಿನ ಹೆಸರನ್ನು ಕಿರಿಯರಿಗೇ ಬಿಟ್ಟುಕೊಟ್ಟ ಈ ಗುರುಗಳು ದೊಡ್ಡವರು ಅಂತ ನನಗೆ ಅನ್ಸುತ್ತೆ.

ಹೋರ್ನಿಕೇವಿಚ್ ಮುಂದೆ ಕೆನಡಾದ ಟೊರಾಂಟೊಕ್ಕೆ ಹೋದರು. ಪಾರ್ಕಿನ್ಸನ್‌ನಲ್ಲಿ ಸ್ಟ್ರೈಯೇಟಮ್‌ನ ಎಲ್ಲ ಕಡೆ ಡೋಪಮೈನ್ ಒಂದೇ ಸಮ ಕಡಿಮೆ ಆಗಲ್ಲ ಅಂತ 1988ರಲ್ಲಿ ಒಂದು ಮುಖ್ಯ ಲೇಖನ ಬಂತು. ಮೊದಲ ಹೆಸರು ಅವರಿಗಿಂತ ಕಿರಿಯರಾದ ಸ್ಟೀಫನ್ ಕಿಶ್ ಅವರದ್ದು. ಹೋರ್ನಿಕೇವಿಚ್ ಹೆಸರು ಕೊನೆಗೆ.

ಪಿಎಚ್‌ಡಿ ಮಾಡ್ತಿರೋ ಗೆಳೆಯರ ಹತ್ರ ಮಾತಾಡಿದ್ರೆ, ಗೈಡ್ ಹೆಸರು ಎಲ್ಲಿ ಬರುತ್ತೆ, ನಮ್ಮ ಹೆಸರು ಎಲ್ಲಿ ಬರುತ್ತೆ ಅನ್ನೋದೇ ದೊಡ್ಡ ಚಿಂತೆ. ಗೈಡ್ ನಿಜವಾಗಿ ದುಡಿದಿದ್ರೆ ಹೆಸರು ಬರಲಿ, ತಪ್ಪಿಲ್ಲ. ಆದರೆ ನೀವು ಗೈಡ್ ಹುಡುಕ್ತಿದ್ದೀರಿ ಅಂದ್ರೆ, ಅವರ ಪ್ರಶಸ್ತಿಗಳ ಪಟ್ಟಿ ಆಮೇಲೆ ನೋಡಿ. ಅವರ ಹಳೇ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಯಾವ ಪ್ರಶ್ನೆ ಹಿಡಿದು ಕೂತಿದ್ದಾರೆ, ಮೊದಲು ಅದನ್ನು ವಿಚಾರಿಸಿ.

ಇವತ್ತಿಗೆ ಇಷ್ಟು. ನಿಮಗೆ ಒಳ್ಳೇ ಪ್ರಶ್ನೆ ಕೊಟ್ಟ ಮೇಷ್ಟ್ರು ಯಾರಾದ್ರೂ ಇದ್ರೆ, ಈ ಸಂಚಿಕೆಯನ್ನು ಅವರಿಗೆ ಕಳಿಸಿ. ಮತ್ತೆ ಸಿಗೋಣ.