ಬಾಯಿಪಾಠದ ಮಿದುಳು

ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿ ಋಗ್ವೇದದ 30 ಹಸ್ತಪ್ರತಿಗಳಿವೆ. 2007ರಲ್ಲಿ ಯುನೆಸ್ಕೋ ಅವನ್ನು 'ವಿಶ್ವ ಸ್ಮೃತಿ' ಪಟ್ಟಿಗೆ ಸೇರಿಸಿತು. ಇಸವಿ ನಮೂದಾಗಿರುವವುಗಳಲ್ಲಿ ಅತಿ ಹಳೆಯದು 1464ರದು. ಋಗ್ವೇದಕ್ಕಾದರೋ ಸುಮಾರು ಮೂರು ಸಾವಿರ ವರ್ಷ ವಯಸ್ಸೆಂದು ವಿದ್ವಾಂಸರ ಅಂದಾಜು. ಅಷ್ಟು ಕಾಲ ಅದನ್ನು ಹೊತ್ತು ತಂದದ್ದು ಮುಖ್ಯವಾಗಿ ಬಾಯಿ.

ಅದಕ್ಕೊಂದು ತಂತ್ರವಿತ್ತು. ಘನಪಾಠದಲ್ಲಿ ಮೂರು ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು ಎಂದು ಹೆಣೆಯುತ್ತಾರೆ. ಕ್ರಮ ತಿರುಗಿದಂತೆ ಸಂಧಿಯೂ ಬದಲಾಗುತ್ತದೆ. ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಹಲಗೆಯ ಮೇಲೆ ಬಿಡಿಸುತ್ತಿದ್ದ ಲೆಕ್ಕವನ್ನು ಹತ್ತು ವರ್ಷದ ಹುಡುಗರು ಉಸಿರುಗಟ್ಟಿ ಹೇಳಿಬಿಡುತ್ತಾರೆ.

ಇಂಥ ಪಾಠ ಮಿದುಳಿನಲ್ಲಿ ಗುರುತು ಉಳಿಸುತ್ತದೆಯೇ? ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಜೇಮ್ಸ್ ಹಾರ್ಟ್‌ಜೆಲ್, ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರ ಜೊತೆ ಸೇರಿ 21 ವೇದಪಂಡಿತರನ್ನು ಎಂಆರ್‌ಐ ಸ್ಕ್ಯಾನ್‌ಗೆ ಒಳಪಡಿಸಿದರು; ಹೋಲಿಕೆಗೆ ಅಷ್ಟೇ ಮಂದಿ ಬೇರೆಯವರು. 2016ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ಪಂಡಿತರಲ್ಲಿ ಭಾಷೆ, ನೆನಪು, ನೋಟಕ್ಕೆ ಸಂಬಂಧಿಸಿದ ಭಾಗಗಳ ಬೂದುದ್ರವ್ಯ ಹೆಚ್ಚು, ಮಿದುಳಿನ ಹೊರಪದರವೂ ದಪ್ಪ. ನೆನಪು ಮೂಡಲು ಬೇಕಾದ ಹಿಪೊಕ್ಯಾಂಪಸ್‌ನಲ್ಲೂ ವ್ಯತ್ಯಾಸ ಕಂಡಿತು. 2018ರಲ್ಲಿ ಹಾರ್ಟ್‌ಜೆಲ್ ಇದಕ್ಕೆ 'ಸಂಸ್ಕೃತ ಪರಿಣಾಮ' ಎಂಬ ಹೆಸರಿಟ್ಟು ಬರೆದರು. ವಾಟ್ಸಾಪ್‌ಗೆ ಇನ್ನೇನು ಬೇಕು?

ನನ್ನ ತಕರಾರು ಆ ಹೆಸರಿನ ಬಗ್ಗೆ. ಸ್ಕ್ಯಾನ್ ಮಾಡಿದ್ದು ಕಲಿಕೆ ಮುಗಿದವರನ್ನು. ಬಾಯಿಪಾಠವೇ ಮಿದುಳನ್ನು ಬೆಳೆಸಿತೋ, ಅಂಥ ಮಿದುಳಿನ ಹುಡುಗರಷ್ಟೇ ಕೊನೆತನಕ ಉಳಿದರೋ, ಅದರಿಂದ ತಿಳಿಯದು. ಇನ್ನೊಂದು ಭಾಷೆಯಲ್ಲಿ ಅಷ್ಟೇ ಕಠಿಣ ಬಾಯಿಪಾಠ ಮಾಡಿದವರನ್ನು ಪಕ್ಕದಲ್ಲಿಟ್ಟು ನೋಡದೆ ಪುಣ್ಯವನ್ನು ಸಂಸ್ಕೃತದ ಖಾತೆಗೆ ಹೇಗೆ ಬರೆಯುವುದು?

ಮೊದಲ ಪ್ರಶ್ನೆಗೆ ಲಂಡನ್ನಿನಿಂದ ಅರ್ಧ ಉತ್ತರ ಬಂದಿದೆ. ಊರಿನ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡುತ್ತಿದ್ದ 79 ಟ್ಯಾಕ್ಸಿ ಕಲಿಕೆಯವರನ್ನು ಕ್ಯಾಥರೀನ್ ವೂಲೆಟ್, ಎಲಿನಾರ್ ಮಗ್ವಾಯರ್ ಆರಂಭದಲ್ಲೇ ಸ್ಕ್ಯಾನ್ ಮಾಡಿ, ಮೂರು-ನಾಲ್ಕು ವರ್ಷ ಬಿಟ್ಟು ಮತ್ತೆ ನೋಡಿದರು. ಪಾಸಾದವರು 39 ಮಂದಿ. ಮೊದಲು ಎಲ್ಲರೂ ಒಂದೇ ಥರ ಇದ್ದರು. ಆಮೇಲೆ ಹಿಪೊಕ್ಯಾಂಪಸ್‌ನ ಹಿಂಭಾಗ ಬೆಳೆದದ್ದು ಪಾಸಾದವರಲ್ಲಿ ಮಾತ್ರ. 2011ರ ವರದಿ ಇದು.

ಪುಣೆಯಲ್ಲೇ ಇನ್ನೊಂದು ಬಾಯಿಪಾಠದ ಭಂಡಾರವಿದೆ. ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ತಮ್ಮ ತಂಡದೊಂದಿಗೆ ಮಹಾರಾಷ್ಟ್ರದ ಹಳ್ಳಿ ಸುತ್ತಿ, ಹೆಂಗಸರು ಹಾಡುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಪದಗಳನ್ನು ಕೂಡಿಹಾಕಿದರು. ವೇದಪಾಠದ ಬಾಗಿಲು ಈ ಹೆಂಗಸರಿಗೆ ತೆರೆದಿರಲಿಲ್ಲ; ಅನೇಕರಿಗೆ ಅಕ್ಷರವೂ ಬರುತ್ತಿರಲಿಲ್ಲ. ಅವರ ನೆನಪಿನ ರೀತಿ ಬೇರೆ: ಧಾಟಿ ಹಿಡಿದು, ಕೇಳಿದ ಸಾಲಿಗೆ ತವರನ್ನೋ ಮಗಳನ್ನೋ ಪಂಢರಪುರದ ವಿಠ್ಠಲನನ್ನೋ ಸೇರಿಸಿಕೊಳ್ಳುತ್ತ ಹೋಗುವುದು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಹಾಡಿದವರಲ್ಲಿ ಹಲವರು ಈಗಿಲ್ಲ. 2017ರಿಂದ 'ಪರಿ' ಜಾಲತಾಣ ಆ ಪದಗಳನ್ನು ಒಂದೊಂದಾಗಿ ಹೊರತರುತ್ತಿದೆ. ಕೆಲವನ್ನು ಅವರ ದನಿಯಲ್ಲೇ ಕೇಳಬಹುದು.